ಹಳೆಯ ಕಿಟ್ ಕಾರಿಗೆ ಬ್ರೇಕ್ ಬಿಡಿಭಾಗ: ಬೆಂಗಳೂರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಿಟ್ ಕಾರು ಎಂದರೆ ಯಾವುದು? ಅದರ ಬ್ರೇಕ್ ಭಾಗ ಸಿಗುವುದು ಏಕೆ ಇಷ್ಟು ಕಷ್ಟ?

ಒಂದು ಕಾರಿನ ಚಾಸಿ, ಇನ್ನೊಂದರ ಎಂಜಿನ್, ಮತ್ತೊಂದರ ಆಕ್ಸಲ್ ಸೇರಿಸಿ, ಮೇಲೆ ಫೈಬರ್ ಗ್ಲಾಸ್ ಅಥವಾ ಅಲ್ಯೂಮಿನಿಯಂ ಮೈ ಕೂರಿಸಿ, ಮನೆಯಲ್ಲೋ ಚಿಕ್ಕ ವರ್ಕ್‌ಶಾಪಿನಲ್ಲೋ ಜೋಡಿಸಿದ ಗಾಡಿ ಕಿಟ್ ಕಾರು. ಬ್ರಿಟನ್ನಿನಲ್ಲಿ ಇದು ದೊಡ್ಡ ಹವ್ಯಾಸ. ಅಲ್ಲಿ ಟ್ರಯಂಫ್ ಹೆರಾಲ್ಡ್, ಫೋರ್ಡ್ ಎಸ್ಕಾರ್ಟ್, ಕಾರ್ಟಿನಾ, ಫೋಕ್ಸ್‌ವ್ಯಾಗನ್ ಬೀಟಲ್ ಮುಂತಾದವುಗಳ ಭಾಗಗಳಿಂದ ಇಂಥ ಕಾರುಗಳು ಹುಟ್ಟಿದವು. ನಮ್ಮಲ್ಲಿ ಬೀಟಲ್ ಜೊತೆಗೆ ಸ್ಟ್ಯಾಂಡರ್ಡ್ ಹೆರಾಲ್ಡ್, ಫಿಯೆಟ್, ಅಂಬಾಸಿಡರ್, ಜೀಪು, ಮಾರುತಿಗಳು ಈ ಕೆಲಸಕ್ಕೆ ಒದಗಿದವು. ಹೆರಾಲ್ಡ್‌ನ ಮೈ ಬೇರೆ, ಚಾಸಿ ಬೇರೆ. ಮೈಯನ್ನು ಎತ್ತಿಟ್ಟರೆ ಕೆಳಗೆ ಓಡಬಲ್ಲ ಗಾಡಿಯೇ ಉಳಿಯುತ್ತದೆ. ಆದ್ದರಿಂದಲೇ ಅದರ ಮೇಲೆ ಇಷ್ಟೊಂದು ಬಗೆಯ ಮೈಗಳು ಏರಿದವು.

ಕಷ್ಟದ ಕಾರಣವೂ ಅಲ್ಲೇ ಇದೆ. ಕಾರಿನ ಹೆಸರು ಹೇಳಿ ಭಾಗ ಕೇಳುವ ದಾರಿ ಇಲ್ಲಿ ಇಲ್ಲ, ಏಕೆಂದರೆ ಆ ಹೆಸರಿಗೆ ಬಿಡಿಭಾಗಗಳ ಪಟ್ಟಿಯೇ ಇಲ್ಲ. ಆದರೆ ಗಾಡಿಯಲ್ಲಿರುವ ಒಂದೊಂದು ಸಿಲಿಂಡರ್‌ಗೂ ಒಂದೊಂದು ಪ್ಯಾಡ್‌ಗೂ ಒಂದು ತವರು ಇದೆ. ಆ ತವರನ್ನು ಕಂಡುಹಿಡಿಯುವುದೇ ಕೆಲಸದ ಮುಕ್ಕಾಲು ಪಾಲು.

ಅಂಗಡಿಯಲ್ಲಿ "ಯಾವ ಗಾಡಿ ಸಾರ್?" ಎಂದು ಕೇಳುತ್ತಾರೆ. ಏನು ಹೇಳಲಿ?

ಕಿಟ್ ಕಾರಿನ ಹೆಸರನ್ನು ಹೇಳಬೇಡಿ. "ಗರ್ಲಿಂಗ್ ವೀಲ್ ಸಿಲಿಂಡರ್, ಬೋರ್ ಮುಕ್ಕಾಲು ಇಂಚು, ಪೈಪಿನ ಥ್ರೆಡ್ 3/8, ಹಿಂದಿನ ಚಕ್ರಕ್ಕೆ" ಎಂದು ಹೇಳಿ, ಬಿಚ್ಚಿದ ಹಳೆಯ ಭಾಗವನ್ನು ಕೌಂಟರ್ ಮೇಲೆ ಇಡಿ. ಗರ್ಲಿಂಗ್ ಎಂಬುದು ತಯಾರಕರ ಹೆಸರು, ವೀಲ್ ಸಿಲಿಂಡರ್ ಎಂದರೆ ಚಕ್ರದಲ್ಲಿ ಬ್ರೇಕನ್ನು ಒತ್ತುವ ಸಿಲಿಂಡರ್, ಬೋರ್ ಎಂದರೆ ಅದರ ಒಳವ್ಯಾಸ. ಮೂವತ್ತು ನಲವತ್ತು ವರ್ಷ ಇದೇ ವ್ಯಾಪಾರ ಮಾಡಿದ ಹಿರಿಯರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿದೊಡನೆ "ಇದು ಇಂಥದ್ದರದು" ಎನ್ನುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅವರ ನೆನಪು ಯಾವ ಕ್ಯಾಟಲಾಗಿಗೂ ಕಡಿಮೆಯಲ್ಲ. ಗಿರಾಕಿಗಳ ನೂಕುನುಗ್ಗಲಿನ ಹೊತ್ತಿನಲ್ಲಿ ಹೋಗದೆ, ಬೆಳಿಗ್ಗೆ ಅಂಗಡಿ ತೆರೆದ ಹೊಸದರಲ್ಲಿ ಹೋಗಿ ನಿಧಾನವಾಗಿ ಮಾತನಾಡಿ. ಅವರು "ಇದು ಸಿಗುವುದಿಲ್ಲ" ಎಂದರೂ "ಇದಕ್ಕೆ ಹತ್ತಿರದ್ದು ಯಾವುದು?" ಎಂದು ಕೇಳದೆ ಹೊರಡಬೇಡಿ.

ಒಂದು ಭಾಗದ ತವರನ್ನು ಪತ್ತೆ ಮಾಡುವುದು ಹೇಗೆ?

ಮೊದಲು ತೊಳೆಯಿರಿ. ತಂತಿ ಬ್ರಷ್ಷಿನಿಂದ ಜಿಡ್ಡು, ತುಕ್ಕು ತೆಗೆದರೆ ಎರಕದ ಮೈಮೇಲೆ ಅಕ್ಷರಗಳು ಕಾಣುತ್ತವೆ. ಗರ್ಲಿಂಗ್, ಲಾಕ್‌ಹೀಡ್, ಬೆಂಡಿಕ್ಸ್, ಎಟಿಇ ಎಂಬ ತಯಾರಕರ ಹೆಸರು, ಎರಕದ ಸಂಖ್ಯೆ, ಅನೇಕ ಸಿಲಿಂಡರ್‌ಗಳಲ್ಲಿ ಬೋರ್‌ನ ಅಳತೆಯೂ ಇರುತ್ತದೆ. ಅಕ್ಷರ ಮಸುಕಾಗಿದ್ದರೆ ಸೀಮೆಸುಣ್ಣವನ್ನು ಉಜ್ಜಿ ಒರೆಸಿ, ಟಾರ್ಚನ್ನು ಅಡ್ಡಲಾಗಿ ಹಿಡಿದು ನೋಡಿ. ಎಲ್ಲದರ ಫೋಟೋ ತೆಗೆದು, ಯಾವ ಚಕ್ರದ್ದು ಎಂದು ಬರೆದಿಡಿ.

ಚಕ್ರದ ಬೋಲ್ಟ್‌ಗಳೂ ಸುಳಿವು ಕೊಡುತ್ತವೆ. ನಾಲ್ಕು ಬೋಲ್ಟ್‌ಗಳ ವೃತ್ತದ ವ್ಯಾಸ 95.25 ಮಿ.ಮೀ., ಅಂದರೆ ಮೂರೂಮುಕ್ಕಾಲು ಇಂಚು ಇದ್ದರೆ ಹಬ್ (ಚಕ್ರ ಕೂರುವ ನಡುಭಾಗ) ಬಹುಶಃ ಹೆರಾಲ್ಡ್ ಅಥವಾ ಸ್ಪಿಟ್‌ಫೈರ್ ವಂಶದ್ದು. ನಾಲ್ಕು ಬೋಲ್ಟ್, 108 ಮಿ.ಮೀ. ಆದರೆ ಫೋರ್ಡ್ ಕಡೆ ಹುಡುಕಿ. ಬೀಟಲ್‌ನಲ್ಲಿ ಹಳೆಯದು ಐದು ಬೋಲ್ಟ್, 205 ಮಿ.ಮೀ.; 1968ರಿಂದ ಈಚಿನದು ಸಾಮಾನ್ಯವಾಗಿ ನಾಲ್ಕು ಬೋಲ್ಟ್, 130 ಮಿ.ಮೀ. ಐದು ಬೋಲ್ಟ್, 139.7 ಮಿ.ಮೀ. ಇದ್ದರೆ ಜೀಪು ಅಥವಾ ಜಿಪ್ಸಿ ಎಂದು ಊಹಿಸಬಹುದು.

ಆದರೆ ಹಬ್ ಒಂದು ಗಾಡಿಯದು ಎಂದ ಮಾತ್ರಕ್ಕೆ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗ) ಕೂಡ ಅದರದೇ ಎಂದು ನಂಬಬೇಡಿ. ನನ್ನ ಗಾಡಿಯ ಚಾಸಿ ಹೆರಾಲ್ಡ್‌ನದು. ಹಿಂದಿನ ಡ್ರಮ್ ಕೂಡ ಅದರದೇ. ಮುಂದಿನ ಡಿಸ್ಕನ್ನು ಮಾತ್ರ ಹಿಂದಿನ ಮಾಲೀಕರಲ್ಲೊಬ್ಬರು ಬೇರೆ ಕಾರಿನಿಂದ ತಂದು ಕೂರಿಸಿದ್ದರು. ಅದಕ್ಕಾಗಿ ಅಡ್ಡಪಟ್ಟಿಯನ್ನು ಕೈಯಿಂದಲೇ ಮಾಡಿದ್ದರು. ಇದು ತಿಳಿಯಲು ನನಗೆ ಎರಡು ತಿಂಗಳು ಹಿಡಿಯಿತು. ಎಡಬಲಗಳನ್ನೂ ಪ್ರತ್ಯೇಕವಾಗಿ ನೋಡಿ. ಎರಡು ಬದಿಗೆ ಎರಡು ಬೋರ್‌ನ ಸಿಲಿಂಡರ್ ಇದ್ದ ಗಾಡಿಯನ್ನೂ ಕಂಡಿದ್ದೇನೆ. ಅದು ಬ್ರೇಕ್ ಒತ್ತಿದಾಗಲೆಲ್ಲ ಒಂದು ಕಡೆಗೆ ಎಳೆಯುತ್ತಿತ್ತು.

ಅಳತೆ ತೆಗೆಯುವಾಗ ಯಾವುದು ಮುಖ್ಯ?

ಸೂಕ್ಷ್ಮವಾಗಿ ಅಳೆಯುವ ವರ್ನಿಯರ್ ಕ್ಯಾಲಿಪರ್ ಒಂದನ್ನು ಕೊಳ್ಳಿ, ಟೇಪು ಸಾಲದು. ಹಳೆಯ ಬ್ರಿಟಿಷ್ ಮೂಲದ ಸಿಲಿಂಡರ್‌ಗಳೆಲ್ಲ ಇಂಚಿನ ಲೆಕ್ಕದವು: 5/8 ಎಂದರೆ 15.87 ಮಿ.ಮೀ., 0.70 ಎಂದರೆ 17.78, 3/4 ಎಂದರೆ 19.05, 13/16 ಎಂದರೆ 20.64, 7/8 ಎಂದರೆ 22.22, ಒಂದು ಇಂಚು ಎಂದರೆ 25.4. ಇವುಗಳ ನಡುವೆ 11/16, ಅಂದರೆ 17.46 ಮಿ.ಮೀ. ಬೋರ್ ಕೂಡ ಇದೆ. ಅದಕ್ಕೂ 0.70 ಇಂಚಿಗೂ ಇರುವ ಅಂತರ ಮಿಲಿಮೀಟರಿನ ಮೂರನೇ ಒಂದು ಭಾಗ ಅಷ್ಟೇ. ಕಣ್ಣಿಗೆ ಕಾಣದು, ಆದರೆ ಒಂದರ ರಬ್ಬರ್ ಇನ್ನೊಂದಕ್ಕೆ ಹಾಕಿದರೆ ಸೋರುತ್ತದೆ, ಇಲ್ಲವೇ ಹಿಡಿದುಕೊಳ್ಳುತ್ತದೆ.

ಡಿಸ್ಕ್ ಕ್ಯಾಲಿಪರ್‌ನಲ್ಲಿ ಪಿಸ್ಟನ್‌ನ ವ್ಯಾಸ ನೋಡಿ. ಗರ್ಲಿಂಗ್ ಟೈಪ್ 14ರಲ್ಲಿ ಅದು ಸುಮಾರು 48 ಮಿ.ಮೀ., ಟೈಪ್ 16ರಲ್ಲಿ ಸುಮಾರು 54 ಮಿ.ಮೀ. ಕ್ಯಾಲಿಪರ್ ಕೂರುವ ಎರಡು ಬೋಲ್ಟ್‌ಗಳ ನಡುವಿನ ದೂರ, ಡಿಸ್ಕಿನ ಹೊರವ್ಯಾಸ, ದಪ್ಪ, ನಡುತೂತಿನ ವ್ಯಾಸ, ಹಬ್ಬಿನ ಮುಖದಿಂದ ಡಿಸ್ಕಿನ ಮುಖಕ್ಕೆ ಇರುವ ಆಳ, ಇಷ್ಟನ್ನೂ ಬರೆದುಕೊಳ್ಳಿ. ಡ್ರಮ್ ಆದರೆ ಒಳವ್ಯಾಸ ಮತ್ತು ಅದನ್ನು ಒಳಗಿನಿಂದ ಒತ್ತುವ ಶೂವಿನ ಅಗಲ ಬೇಕು. ಹೆರಾಲ್ಡ್‌ನ ಮುಂದಿನ ಡ್ರಮ್ ಎಂಟು ಇಂಚು, ಹಿಂದಿನದು ಏಳು ಇಂಚು. ಹಳೆಯ ವಿಲ್ಲೀಸ್ ಜೀಪಿನದು ಒಂಬತ್ತು.

ಬೆಂಗಳೂರಿನಲ್ಲಿ ಎಲ್ಲಿಂದ ಶುರು ಮಾಡಲಿ?

ಜೆ.ಸಿ. ರಸ್ತೆಯಿಂದ. ಟೌನ್ ಹಾಲ್‌ನಿಂದ ಮಿನರ್ವ ವೃತ್ತದವರೆಗಿನ ಆ ರಸ್ತೆ ಮತ್ತು ಅದರ ಅಡ್ಡರಸ್ತೆಗಳು ವಾಹನ ಬಿಡಿಭಾಗಗಳ ಪೇಟೆ. ಮುಖ್ಯರಸ್ತೆಯ ದೊಡ್ಡ ಅಂಗಡಿಗಳಲ್ಲಿ ಹೊಸ ಕಾರುಗಳ ಸರಕೇ ಹೆಚ್ಚು. ನಮಗೆ ಬೇಕಾದದ್ದು ಅಡ್ಡರಸ್ತೆಯ ಒಳಗಿನ, ಅಟ್ಟದ ಮೇಲೆ ಧೂಳು ಹಿಡಿದ ಪೆಟ್ಟಿಗೆಗಳಿರುವ ಅಂಗಡಿ. ಅಲ್ಲಿಂದ ಕಲಾಸಿಪಾಳ್ಯದ ಕಡೆ ನಡೆದರೆ ಲಾರಿ, ಟೆಂಪೋ, ಜೀಪುಗಳ ಭಾಗದವರು ಸಿಗುತ್ತಾರೆ. ಗಾಡಿ ನಿಲ್ಲಿಸಲು ಜಾಗ ಹುಡುಕುವುದೇ ಅರ್ಧ ದಿನದ ಕೆಲಸ. ಮೆಟ್ರೋದಲ್ಲಿ ಕೃಷ್ಣರಾಜೇಂದ್ರ (ಕೆ.ಆರ್.) ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದು ನಡೆಯುವುದು ಒಳ್ಳೆಯದು. ಭಾನುವಾರ ಬಹುತೇಕ ಅಂಗಡಿಗಳಿಗೆ ರಜೆ.

ಬಳಸಿದ ಭಾಗಗಳಿಗೆ ಶಿವಾಜಿನಗರದ ಗುಜರಿ. ಲೇತ್, ಹೋನಿಂಗ್ (ಒಳಗೋಡೆಯನ್ನು ಉಜ್ಜಿ ನುಣುಪು ಮಾಡುವುದು), ಗ್ರೈಂಡಿಂಗ್ ಕೆಲಸಕ್ಕೆ ಪೀಣ್ಯ ಮತ್ತು ರಾಜಾಜಿನಗರದ ಕೈಗಾರಿಕಾ ಪ್ರದೇಶಗಳ ಚಿಕ್ಕ ಘಟಕಗಳು.

ಇನ್ನೊಂದು ದಾರಿ ಚೆನ್ನೈ. 1962ರಲ್ಲಿ ಅಲ್ಲಿನ ಪಾಡಿಯಲ್ಲಿ ಟಿವಿಎಸ್ ಮತ್ತು ಬ್ರಿಟನ್ನಿನ ಲ್ಯೂಕಾಸ್ ಸೇರಿ ಬ್ರೇಕ್ಸ್ ಇಂಡಿಯಾ ಆರಂಭಿಸಿದವು. ಟಿವಿಎಸ್ ಗರ್ಲಿಂಗ್ ಎಂಬ ಹೆಸರು ಬಂದದ್ದು ಆ ಸಂಬಂಧದಿಂದ. ಹೆರಾಲ್ಡ್ ಕೂಡ ಅದೇ ಊರಿನಲ್ಲಿ ತಯಾರಾಗುತ್ತಿತ್ತು. ಹಾಗಾಗಿ ಗರ್ಲಿಂಗ್ ವಂಶದ ಹಳೆಯ ಸರಕು ಅಲ್ಲಿನ ಅಂಗಡಿಗಳ ಮೂಲೆಯಲ್ಲಿ ಉಳಿದಿರುವ ಸಾಧ್ಯತೆ ಹೆಚ್ಚು. ಬೆಂಗಳೂರಿನ ವ್ಯಾಪಾರಿಗಳಿಗೆ ಅಲ್ಲಿ ಪರಿಚಯ ಇರುತ್ತದೆ, ತರಿಸಿಕೊಡುವಂತೆ ಕೇಳಬಹುದು.

ಗುಜರಿಯಿಂದ ಬ್ರೇಕ್ ಭಾಗ ತಂದು ಹಾಕಬಹುದೇ?

ಲೋಹದ ಭಾಗ ತರಬಹುದು. ಕ್ಯಾಲಿಪರ್‌ನ ಎರಕದ ಮೈ, ಡ್ರಮ್, ಬ್ಯಾಕ್ ಪ್ಲೇಟ್, ಪೆಡಲ್ ಕಟ್ಟು, ಇವು ಬಿರುಕು ಬಿಟ್ಟಿಲ್ಲ, ಸವೆತದ ಮಿತಿ ದಾಟಿಲ್ಲ ಎಂದು ನೋಡಿ ತರಬಹುದು. ರಬ್ಬರ್, ಹೋಸ್, ಪ್ಯಾಡ್, ಲೈನರ್ (ಶೂ ಮೇಲಿನ ಉಜ್ಜುವ ಪದರ) ಬೇಡವೇ ಬೇಡ. ಪೂರ್ತಿ ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಆಯಿಲ್ ತಳ್ಳುವ ಮುಖ್ಯ ಸಿಲಿಂಡರ್) ಸಿಕ್ಕರೂ ಬಿಚ್ಚಿ ಬೋರ್ ನೋಡದೆ ಹಾಕಬೇಡಿ.

ಪೆಟ್ಟಿಗೆ ತೆರೆಯದ ಹಳೆಯ ಸರಕಿಗೂ ಇದೇ ಮಾತು. ಮೂವತ್ತು ವರ್ಷ ಅಟ್ಟದ ಮೇಲೆ ಕುಳಿತ ಸಿಲಿಂಡರ್ ಹೊಸದರಂತೆ ಹೊಳೆಯುತ್ತದೆ, ಒಳಗಿನ ರಬ್ಬರ್ ಗಟ್ಟಿಯಾಗಿರುತ್ತದೆ. ಅದನ್ನು ಸಂತೋಷದಿಂದ ಕೊಳ್ಳಿ, ಆದರೆ ರಬ್ಬರ್ ಬದಲಿಸಿಯೇ ಹಾಕಿ.

ಅದೇ ಬೋರ್‌ನ ಮಾಸ್ಟರ್ ಸಿಲಿಂಡರ್ ಸಿಗುತ್ತಿಲ್ಲ. ಸ್ವಲ್ಪ ದೊಡ್ಡದು ಹಾಕಿದರೆ ಏನಾಗುತ್ತದೆ?

ಈ ಪ್ರಶ್ನೆಗೆ "ಏನೂ ಆಗುವುದಿಲ್ಲ, ಇನ್ನೂ ಚೆನ್ನಾಗಿ ಹಿಡಿಯುತ್ತದೆ" ಎಂದು ಉತ್ತರಿಸುವವರು ಬಹಳ. ಅದು ತಪ್ಪು, ನಿಜ ಅದಕ್ಕೆ ತದ್ವಿರುದ್ಧ. ಕಾಲಿನ ಬಲ ಒಂದೇ ಇದ್ದಾಗ ಬೋರ್ ದೊಡ್ಡದಾದಷ್ಟೂ ಆಯಿಲ್‌ನ ಒತ್ತಡ ಕಡಿಮೆ. ಮುಕ್ಕಾಲು ಇಂಚಿನ ಬದಲು 7/8 ಇಂಚು ಹಾಕಿದಿರಿ ಎನ್ನಿ. ಪಿಸ್ಟನ್‌ನ ಹರವು 285 ಚದರ ಮಿ.ಮೀ.ಯಿಂದ 388ಕ್ಕೆ ಏರುತ್ತದೆ. ಮೊದಲಿನಷ್ಟೇ ಹಿಡಿತ ಬೇಕಾದರೆ ನೀವು 36 ಶೇಕಡ ಹೆಚ್ಚು ಬಲ ಹಾಕಿ ತುಳಿಯಬೇಕು. ಪೆಡಲ್ ಕಡಿಮೆ ದೂರ ಚಲಿಸುವುದರಿಂದ ಕಾಲಿಗೆ ಗಟ್ಟಿಯಾಗಿ ಸಿಗುತ್ತದೆ. ಆ ಗಟ್ಟಿತನವನ್ನೇ ಜನ ಒಳ್ಳೆಯ ಬ್ರೇಕ್ ಎಂದು ತಿಳಿಯುತ್ತಾರೆ. ಬೂಸ್ಟರ್ (ಗಾಳಿಯ ಒತ್ತಡದಿಂದ ಕಾಲಿನ ಬಲಕ್ಕೆ ನೆರವಾಗುವ ಸಾಧನ) ಇಲ್ಲದ ಹಗುರ ಗಾಡಿಯಲ್ಲಿ, ತುರ್ತಿನ ಹೊತ್ತಿನಲ್ಲಿ, ಈ ವ್ಯತ್ಯಾಸ ಜೀವದ ಪ್ರಶ್ನೆ.

ಬೋರ್ ಚಿಕ್ಕದಾದರೆ ಒತ್ತಡ ಹೆಚ್ಚುತ್ತದೆ, ಆದರೆ ಪೆಡಲ್ ಹೆಚ್ಚು ಆಳಕ್ಕೆ ಹೋಗುತ್ತದೆ. ಚಕ್ರದ ಸಿಲಿಂಡರ್‌ಗಳಿಗೆ ಬೇಕಾದಷ್ಟು ಆಯಿಲ್ ತಳ್ಳುವ ಮೊದಲೇ ಅದು ನೆಲ ಮುಟ್ಟಬಹುದು. ಚಕ್ರದ ಕಡೆ ಲೆಕ್ಕ ತಿರುಗುಮುರುಗು: ವೀಲ್ ಸಿಲಿಂಡರ್ ದೊಡ್ಡದಾದರೆ ಆ ಚಕ್ರದ ಹಿಡಿತ ಹೆಚ್ಚು.

ಇನ್ನೊಂದು ಗುಟ್ಟು ಉಳಿಕೆ ಒತ್ತಡದ ವಾಲ್ವ್. ಡ್ರಮ್ ಬ್ರೇಕಿಗೆಂದು ಮಾಡಿದ ಅನೇಕ ಹಳೆಯ ಮಾಸ್ಟರ್ ಸಿಲಿಂಡರ್‌ಗಳ ಬಾಯಲ್ಲಿ ಒಂದು ಚಿಕ್ಕ ವಾಲ್ವ್ ಇದ್ದು, ಪೆಡಲ್ ಬಿಟ್ಟ ಮೇಲೂ ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಸುತ್ತದೆ. ಡ್ರಮ್ಮಿಗೆ ಅದು ಸರಿ, ಅಲ್ಲಿ ಸ್ಪ್ರಿಂಗ್‌ಗಳು ಶೂಗಳನ್ನು ಹಿಂದಕ್ಕೆ ಎಳೆಯುತ್ತವೆ. ಅದೇ ಸಿಲಿಂಡರನ್ನು ಡಿಸ್ಕಿಗೆ ಜೋಡಿಸಿದರೆ ಪ್ಯಾಡ್ ಸದಾ ಉಜ್ಜುತ್ತದೆ, ಡಿಸ್ಕ್ ಕಾಯುತ್ತದೆ. ಹೊಸೂರು ರಸ್ತೆಯ ವಾಹನದಟ್ಟಣೆಯಲ್ಲಿ ಅರ್ಧ ಗಂಟೆ ಸಿಕ್ಕಿಕೊಂಡರೆ ಸುಟ್ಟ ವಾಸನೆ ಬರುತ್ತದೆ.

ಸಿಲಿಂಡರ್ ಎಲ್ಲೂ ಸಿಗುವುದಿಲ್ಲ ಎಂದು ಖಚಿತವಾಯಿತು. ಹಳೆಯದನ್ನೇ ಉಳಿಸಿಕೊಳ್ಳಬಹುದೇ?

ಉಳಿಸಿಕೊಳ್ಳಬಹುದು. ಒಳಗೋಡೆಯಲ್ಲಿ ಬರೀ ಕಲೆ ಇದ್ದರೆ ಹಗುರವಾಗಿ ಹೋನ್ ಮಾಡಿಸಿ ಹೊಸ ರಬ್ಬರ್ ಹಾಕಿದರೆ ಸಾಕು. ಉಗುರಿಗೆ ತಗಲುವ ಗುಂಡಿಗಳಿದ್ದರೆ ಸ್ಟೇನ್‌ಲೆಸ್ ಸ್ಟೀಲ್ ಸ್ಲೀವ್ ಹಾಕಿಸಬೇಕು: ಬೋರನ್ನು ದೊಡ್ಡದು ಮಾಡಿ, ಬಿಗಿಯಾಗಿ ಸ್ಲೀವ್ ಕೂರಿಸಿ, ಮೂಲ ಅಳತೆಗೆ ಹೋನ್ ಮಾಡುವುದು. ಒಳ್ಳೆಯ ಕೈಯಲ್ಲಿ ಆದ ಸ್ಲೀವ್ ತುಕ್ಕು ಹಿಡಿಯದೆ ಮೂಲ ಸಿಲಿಂಡರ್‌ಗಿಂತ ಹೆಚ್ಚು ಬಾಳುತ್ತದೆ. ಇದನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ.

ಲೇತ್‌ನವರಿಗೆ ಮೂರು ಮಾತು ಸ್ಪಷ್ಟವಾಗಿ ಹೇಳಿ. ಆಯಿಲ್ ಬರುವ ತೂತುಗಳನ್ನು, ಮುಖ್ಯವಾಗಿ ಮಾಸ್ಟರ್ ಸಿಲಿಂಡರ್‌ನ ಆಯಿಲ್ ಹಿಂದಿರುಗುವ ಸೂಜಿಯಷ್ಟು ಸಣ್ಣ ತೂತನ್ನು, ಅದೇ ಜಾಗದಲ್ಲಿ ಕೊರೆಯಬೇಕು. ಆ ತೂತಿನ ಒಳಅಂಚಿನಲ್ಲಿ ಲೋಹದ ಚೂಪು ಉಳಿಯಬಾರದು, ಉಳಿದರೆ ಅದು ರಬ್ಬರನ್ನು ಕತ್ತರಿಸುತ್ತದೆ. ಸ್ಲೀವಿನ ಹೊರಮೈಯಿಂದ ಆಯಿಲ್ ಜಿನುಗದಂತೆ ಕೂರಿಸಬೇಕು. ಎಂಜಿನ್ ಬೋರ್ ಮಾಡುವವರೆಲ್ಲರಿಗೂ ಈ ಸೂಕ್ಷ್ಮ ಗೊತ್ತಿರುವುದಿಲ್ಲ. ಹಿಂದೆ ಮಾಡಿದ ಸಿಲಿಂಡರ್ ತೋರಿಸುವಂತೆ ಕೇಳುವುದರಲ್ಲಿ ಸಂಕೋಚ ಬೇಡ.

ಮೇಜರ್ ಕಿಟ್, ಮೈನರ್ ಕಿಟ್ ಎಂದರೆ ಏನು? ರಬ್ಬರ್ ಮಾತ್ರ ಬಿಡಿಯಾಗಿ ಕೊಳ್ಳಬಹುದೇ?

ಇವು ಸಿಲಿಂಡರ್ ದುರಸ್ತಿಯ ಕಿಟ್‌ಗಳು. ಮೈನರ್ ಕಿಟ್‌ನಲ್ಲಿ ರಬ್ಬರ್‌ಗಳು ಬರುತ್ತವೆ. ಮೇಜರ್‌ನಲ್ಲಿ ಪಿಸ್ಟನ್, ಸ್ಪ್ರಿಂಗ್ ಮುಂತಾದವೂ ಸೇರಿರುತ್ತವೆ. ಬಿಡಿ ರಬ್ಬರ್ ಕಪ್ ಬೋರ್ ಅಳತೆಯ ಮೇಲೆ ಸಿಗುತ್ತದೆ. ಬೋರ್ ಒಂದೇ ಆದರೂ ಕಪ್‌ನ ಎತ್ತರ, ತುಟಿಯ ಆಕಾರ ಹೊಂದಬೇಕು. ಹಳೆಯದನ್ನು ಪಕ್ಕದಲ್ಲಿ ಇಟ್ಟು ನೋಡಿ.

ಕ್ಯಾಲಿಪರ್ ವಿಷಯದಲ್ಲಿ ಒಂದು ತಪ್ಪನ್ನು ಮತ್ತೆ ಮತ್ತೆ ಕಾಣುತ್ತೇನೆ. ಅದರ ಪಿಸ್ಟನ್ ಸುತ್ತ ಇರುವ ಸೀಲ್ ಅಡ್ಡಕೊಯ್ತದಲ್ಲಿ ಚೌಕ, ಗುಂಡು ಅಲ್ಲ. ಬ್ರೇಕ್ ಒತ್ತಿದಾಗ ಆ ಚೌಕ ಓರೆಯಾಗುತ್ತದೆ, ಬಿಟ್ಟಾಗ ನೆಟ್ಟಗಾಗುತ್ತ ಪಿಸ್ಟನ್‌ನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ. ಡಿಸ್ಕಿನಿಂದ ಪ್ಯಾಡ್ ಬಿಡುಗಡೆಯಾಗುವುದೇ ಹೀಗೆ. "ಅಳತೆ ಸರಿ ಇದೆ" ಎಂದು ಅಲ್ಲಿ ಮಾಮೂಲಿ ಓ ರಿಂಗ್ ತುರುಕಿದರೆ ಆಯಿಲ್ ನಿಂತಂತೆ ಕಂಡರೂ ಪಿಸ್ಟನ್ ಹಿಂದಕ್ಕೆ ಬರುವುದಿಲ್ಲ. ಅಲ್ಲದೆ ಪೇಟೆಯ ಮಾಮೂಲಿ ಓ ರಿಂಗ್‌ಗಳು ಹೆಚ್ಚಾಗಿ ಎಂಜಿನ್ ಆಯಿಲ್‌ಗೆ ಹೊಂದುವ ನೈಟ್ರೈಲ್ ರಬ್ಬರ್. ಬ್ರೇಕ್ ಆಯಿಲ್‌ನಲ್ಲಿ ಅವು ಕೆಡುತ್ತವೆ.

ಇದರ ತಿರುಗುಮುರುಗು ಕೂಡ ಅಷ್ಟೇ ನಿಜ. ಬ್ರೇಕ್ ರಬ್ಬರ್‌ಗೆ ಪೆಟ್ರೋಲ್, ಸೀಮೆಎಣ್ಣೆ, ಮಾಮೂಲಿ ಗ್ರೀಸ್, ಎಂಜಿನ್ ಆಯಿಲ್ ತಾಗಬಾರದು, ತಾಗಿದರೆ ಊದಿಕೊಳ್ಳುತ್ತದೆ. ತೊಳೆಯಲು ಬ್ರೇಕ್ ಆಯಿಲ್ಲನ್ನೇ ಬಳಸಿ. ಜೋಡಿಸುವಾಗ, ಬ್ರೇಕ್ ರಬ್ಬರಿಗೆಂದೇ ಮಾಡಿದ ಕೆಂಪು ರಬ್ಬರ್ ಗ್ರೀಸ್ ಸಿಕ್ಕರೆ ಉತ್ತಮ.

ಬ್ರೇಕ್ ಶೂ ಸಿಗುತ್ತಿಲ್ಲ. ಲೈನರ್ ಹಾಕಿಸಿಕೊಳ್ಳಬಹುದೇ?

ಖಂಡಿತ. ಇದು ನಮ್ಮ ಊರಿನಲ್ಲಿ ಇನ್ನೂ ಜೀವಂತವಾಗಿರುವ ಕಸುಬು, ಲಾರಿ ಬಸ್ಸುಗಳ ಪುಣ್ಯದಿಂದ. ಹಳೆಯ ಶೂಗಳನ್ನು ಎಸೆಯಲೇಬೇಡಿ. ಶೂ ಕೈಯಲ್ಲಿದ್ದರೆ ಲೈನರ್ ಎಂದೂ ಕೊರತೆಯಲ್ಲ. ರಿವೆಟ್ ಹೊಡೆದು ಅಥವಾ ಅಂಟಿಸಿ ಒಲೆಯಲ್ಲಿ ಕಾಯಿಸಿ ಕೂರಿಸುತ್ತಾರೆ. ರಿವೆಟ್‌ನ ತಲೆ ಲೈನರ್‌ನ ಮೇಲ್ಮೈಗಿಂತ ಸಾಕಷ್ಟು ಕೆಳಗೆ ಹುದುಗಿರಬೇಕು, ಲೈನರ್ ಮತ್ತು ಶೂ ನಡುವೆ ಬೆಳಕು ಕಾಣಬಾರದು. ಡ್ರಮ್ಮನ್ನೂ ಜೊತೆಗೆ ಕೊಂಡೊಯ್ಯಿರಿ. ಲೇತ್‌ನಲ್ಲಿ ಒಳಮೈ ಕೆರೆಸಿದ್ದರೆ ಲೈನರ್‌ನ ಬಾಗು ಅದಕ್ಕೆ ಹೊಂದಬೇಕು. ಡ್ರಮ್ಮಿನ ಮೇಲೆ ಗರಿಷ್ಠ ವ್ಯಾಸ ಅಚ್ಚಾಗಿದ್ದರೆ ಅದನ್ನು ದಾಟಿಸಬೇಡಿ.

ಹಳೆಯ ಲೈನರ್‌ಗಳಲ್ಲಿ ಕಲ್ನಾರು ಇರುವ ಸಾಧ್ಯತೆ ಹೆಚ್ಚು. ಡ್ರಮ್ ಬಿಚ್ಚಿದೊಡನೆ ಗಾಳಿಯ ಪೈಪಿನಿಂದ ಧೂಳು ಊದುವುದು ನಮ್ಮ ಗ್ಯಾರೇಜುಗಳ ಅಭ್ಯಾಸ. ದಯವಿಟ್ಟು ತಡೆಯಿರಿ. ಆ ಧೂಳು ಶ್ವಾಸಕೋಶಕ್ಕೆ ಹೋದರೆ ವರ್ಷಗಳ ನಂತರ ಕ್ಯಾನ್ಸರ್ ತರಬಲ್ಲದು, ಮತ್ತು ಅದನ್ನು ದಿನವೂ ಉಸಿರಾಡುವವನು ಅಲ್ಲಿ ಕೆಲಸ ಮಾಡುವ ಹುಡುಗ. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ.

ಪ್ಯಾಡ್ ಆರಿಸುವಾಗ?

ಹಿಂಬದಿಯ ಲೋಹದ ಫಲಕದ ಆಕಾರ, ದಪ್ಪ, ಪಿನ್ ತೂತುಗಳ ಅಂತರ ಹೊಂದಿದರೆ ಬೇರೆ ಕಾರಿನ ಪ್ಯಾಡ್ ಕೂರುತ್ತದೆ. ಕಿವಿಯನ್ನು ಅರ್ಧ ಮಿಲಿಮೀಟರ್ ಅರದಿಂದ ಉಜ್ಜಬಹುದು. ಫಲಕವನ್ನು ಬೆಸೆಯುವುದು, ಬಗ್ಗಿಸುವುದು ಮಾಡಬಾರದು. ರೇಸಿನ ಪ್ಯಾಡ್ ಬೇಡ. ಕಿಟ್ ಕಾರು ಆರೇಳು ನೂರು ಕಿಲೋ ತೂಗುವ ಹಗುರ ಗಾಡಿ. ಅದರ ಡಿಸ್ಕ್ ರಸ್ತೆಯಲ್ಲಿ ಅಷ್ಟು ಕಾಯುವುದೇ ಇಲ್ಲ, ಕಾಯದೆ ಆ ಪ್ಯಾಡ್ ಹಿಡಿಯುವುದಿಲ್ಲ. ತಣ್ಣಗಿದ್ದಾಗಲೇ ಕಚ್ಚುವ ಸಾಮಾನ್ಯ ಪ್ಯಾಡ್ ನಮಗೆ ಸರಿ.

ಡಿಸ್ಕನ್ನು ಲೇತ್‌ನಲ್ಲಿ ಮಾಡಿಸಬಹುದೇ?

ಬೇರೆ ಕಾರಿನ ಸ್ವಲ್ಪ ದೊಡ್ಡ ಡಿಸ್ಕನ್ನು ತಂದು ಹೊರವ್ಯಾಸ ಇಳಿಸಿ, ಬೋಲ್ಟ್ ತೂತು ಹೊಸದಾಗಿ ಕೊರೆಸುವುದು ನಡೆದುಬಂದ ದಾರಿ. ಡಿಸ್ಕ್ ಬೂದು ಎರಕದ ಕಬ್ಬಿಣದ್ದೇ ಆಗಿರಬೇಕು. ಮೈಲ್ಡ್ ಸ್ಟೀಲ್ ತಟ್ಟೆಯಿಂದ ಕತ್ತರಿಸಿದ್ದು ಬೇಡ, ಅದು ಕಾದಾಗ ಸೊಟ್ಟಗಾಗುತ್ತದೆ. ನಡುತೂತು ಹಬ್ಬಿಗೆ ಸರಿಯಾಗಿ ಕೂರಬೇಕು. ಕೂರಿಸಿದ ಮೇಲೆ ಡಯಲ್ ಗೇಜ್ ಇಟ್ಟು ತಿರುಗಿಸಿದರೆ ಓಲಾಟ 0.1 ಮಿ.ಮೀ. ಮೀರಬಾರದು.

ಪೈಪು, ನಟ್, ಹೋಸ್ ಯಾವುದಾದರೂ ಆಗುತ್ತದಲ್ಲವೇ?

ಆಗುವುದಿಲ್ಲ. ಇದನ್ನು ನಾನು ಅನುಭವದಿಂದ ಹೇಳುತ್ತೇನೆ.

ಹಳೆಯ ಬ್ರಿಟಿಷ್ ಭಾಗಗಳಲ್ಲಿ ಪೈಪಿನ ನಟ್ಟಿಗೆ 3/8 ಇಂಚಿನ ಯುಎನ್‌ಎಫ್ ಥ್ರೆಡ್ ಇರುತ್ತದೆ: ವ್ಯಾಸ 9.5 ಮಿ.ಮೀ., ಇಂಚಿಗೆ 24 ಸುತ್ತು. ಈಚಿನ ಕಾರುಗಳದು ಎಂ10, ಒಂದು ಮಿ.ಮೀ. ಪಿಚ್. ಎಂ10 ತೂತಿಗೆ 3/8ರ ನಟ್ಟನ್ನು ತಿರುಗಿಸಿದರೆ ಅದು ಸಲೀಸಾಗಿ ಒಳಗೆ ಹೋಗುತ್ತದೆ, ಕೊನೆಯಲ್ಲಿ ಬಿಗಿಯೂ ಆಗುತ್ತದೆ. ಆದರೆ ಥ್ರೆಡ್ ತುದಿತುದಿಯಲ್ಲಿ ಮಾತ್ರ ಹಿಡಿದಿರುತ್ತದೆ. ನನ್ನ ಗಾಡಿಗೆ ಈಚಿನ ಕ್ಯಾಲಿಪರ್ ಹಾಕಿದ ಒಂದು ವರ್ಕ್‌ಶಾಪ್ ಹಳೆಯ ಪೈಪಿನ ನಟ್ಟನ್ನೇ ಹೀಗೆ ಬಿಗಿದು ಕೊಟ್ಟಿತ್ತು. ಮೂರು ವಾರ ಏನೂ ಆಗಲಿಲ್ಲ. ಒಂದು ಸಂಜೆ ಬನಶಂಕರಿಯ ಇಳಿಜಾರಿನಲ್ಲಿ ಗಟ್ಟಿಯಾಗಿ ಒತ್ತಿದಾಗ ನಟ್ ಕಿತ್ತುಕೊಂಡು, ಪೆಡಲ್ ನೆಲಕ್ಕೆ ಹೋಯಿತು. ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ಇಳಿಸಿ ನಿಲ್ಲಿಸಿದೆ. ಪಕ್ಕದಲ್ಲಿ ನನ್ನ ಮಗಳು ಕುಳಿತಿದ್ದಳು. ಅಂದಿನಿಂದ ಪ್ರತಿ ನಟ್ಟನ್ನೂ ಥ್ರೆಡ್ ಗೇಜ್ ಇಟ್ಟು ನಾನೇ ನೋಡುತ್ತೇನೆ.

ಪೈಪಿನ ತುದಿಯ ಆಕಾರವೂ ಎರಡು ಬಗೆ: ಒಳಕ್ಕೆ ಮಡಿಸಿದ ಆಲಿಕೆಯಂಥ ಡಬಲ್ ಫ್ಲೇರ್, ಹೊರಕ್ಕೆ ಉಬ್ಬಿದ ಗುಳ್ಳೆಯಂಥ ಬಬಲ್ ಫ್ಲೇರ್. ಒಂದರ ಜಾಗದಲ್ಲಿ ಇನ್ನೊಂದು ಕೂರದು. ಪೈಪ್ 3/16 ಇಂಚಿನದು, ಅಂದರೆ 4.75 ಮಿ.ಮೀ. ಉಕ್ಕು ಅಥವಾ ತಾಮ್ರ-ನಿಕಲ್ ಮಿಶ್ರಲೋಹ ಸರಿ. ಫ್ರಿಜ್ ರಿಪೇರಿಯವರ ಬರೀ ತಾಮ್ರದ ಪೈಪು ಕಂಪನಕ್ಕೆ ಗಡುಸಾಗಿ ಬಿರುಕು ಬಿಡುತ್ತದೆ.

ಹೋಸ್ ಸಿಗದಿದ್ದಾಗ ಹೈಡ್ರಾಲಿಕ್ ಹೋಸ್ ಅಂಗಡಿಗೆ ಹೋಗಬೇಕೆಂದು ಅನಿಸುತ್ತದೆ. ಜೆಸಿಬಿಯ ಅಷ್ಟು ದೊಡ್ಡ ಒತ್ತಡ ತಡೆಯುವ ಹೋಸ್ ಇದಕ್ಕೆ ಸಾಲದೇ ಎಂದು. ಒತ್ತಡವನ್ನು ಅದು ತಡೆಯುತ್ತದೆ. ಆದರೆ ಅದರ ಒಳಪದರ ಖನಿಜ ಎಣ್ಣೆಗೆ ಮಾಡಿದ್ದು, ಬ್ರೇಕ್ ಆಯಿಲ್ ಅದನ್ನು ತಿನ್ನುತ್ತದೆ. ಒಳಗೆ ಟೆಫ್ಲಾನ್ ಕೊಳವೆ, ಹೊರಗೆ ಸ್ಟೀಲ್ ಹೆಣಿಗೆ ಇರುವ ಬ್ರೇಕ್ ಹೋಸನ್ನೇ ಮಾಡಿಸಿ. ದೊಡ್ಡ ಬೈಕುಗಳಿಗೆ ಇವನ್ನು ಒದಗಿಸುವವರು ಕೇಳಿದ ಉದ್ದಕ್ಕೆ ಕೊಡುತ್ತಾರೆ. ಚಕ್ರವನ್ನು ಪೂರ್ತಿ ತಿರುಗಿಸಿ, ಮೇಲೆತ್ತಿ ಇಳಿಸಿ, ಎಲ್ಲೂ ಬಿಗಿಯಾಗದ ಉದ್ದ ನೋಡಿ.

ಯಾವ ಬ್ರೇಕ್ ಆಯಿಲ್?

ಡಾಟ್ 4. ಇದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಗೆ ಕುದಿಯುತ್ತದೆ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ರಲ್ಲಿ ಇವೇ ಸಂಖ್ಯೆಗಳು 205 ಮತ್ತು 140. ಎರಡು ವರ್ಷಕ್ಕೊಮ್ಮೆ ಬದಲಿಸಿ. ಡಾಟ್ 5 ಸಿಲಿಕೋನ್ ಜಾತಿಯದು, ಉಳಿದವುಗಳ ಜೊತೆ ಬೆರೆಸಬಾರದು. ಡಾಟ್ 5.1 ಎಂಬುದು ಹೆಸರಿನಲ್ಲಿ ಹತ್ತಿರವಾದರೂ ಡಾಟ್ 4ರ ಬಳಗದ್ದು. ಫೈಬರ್ ಮೈಯ ಮೇಲೆ ಹನಿ ಬಿದ್ದರೆ ಬಣ್ಣ ಏಳುತ್ತದೆ, ಕೂಡಲೇ ನೀರು ಸುರಿಯಿರಿ.

ವಿದೇಶದಿಂದ ತರಿಸುವುದು ಲಾಭವೇ?

ಹೆರಾಲ್ಡ್ ಚಾಸಿಯವರಿಗೆ ನಿಜಕ್ಕೂ ಒಳ್ಳೆಯ ದಾರಿ. ಟ್ರಯಂಫ್ ಸ್ಪಿಟ್‌ಫೈರ್ 1962ರಿಂದ 1980ರವರೆಗೆ ತಯಾರಾಯಿತು, ಅದರ ಮುಂದಿನ ಸಸ್ಪೆನ್ಷನ್ ಹೆರಾಲ್ಡ್‌ನ ಒಡಹುಟ್ಟು, ಮತ್ತು ಅದಕ್ಕೆ ಡಿಸ್ಕ್ ಇತ್ತು. ಬ್ರಿಟನ್ನಿನಲ್ಲಿ ಅದರ ಬ್ರೇಕ್ ಭಾಗಗಳು ಇಂದಿಗೂ ಹೊಸದಾಗಿ ಬರುತ್ತಿವೆ. ಬೀಟಲ್ ಭಾಗಗಳೂ ಹಾಗೆಯೇ. ಸುಂಕ ಬೀಳುವುದು ಸರಕಿನ ಬೆಲೆಗೆ ಮಾತ್ರವಲ್ಲ, ಸಾಗಣೆಯ ಖರ್ಚನ್ನೂ ಸೇರಿಸಿ. ಭಾರದ ಡಿಸ್ಕ್, ಡ್ರಮ್‌ಗಳನ್ನು ಇಲ್ಲೇ ಹುಡುಕಿ, ಹಗುರವಾದ ಸೀಲ್, ಪಿಸ್ಟನ್, ಸಿಲಿಂಡರ್‌ಗಳನ್ನು ತರಿಸಿದರೆ ಲೆಕ್ಕ ಹೊಂದುತ್ತದೆ. ನಾಲ್ಕೈದು ಜನ ಸೇರಿ ಒಂದೇ ಪಾರ್ಸೆಲ್ ಮಾಡಿದರೆ ಇನ್ನೂ ಉಳಿತಾಯ.

ಡ್ರಮ್ ತೆಗೆದು ಡಿಸ್ಕ್ ಹಾಕಿಸಲು ಆರ್‌ಟಿಒ ಒಪ್ಪುತ್ತದೆಯೇ?

ಅದೇ ಬಗೆಯ ಭಾಗಕ್ಕೆ ಅದೇ ಬಗೆಯದು ಹಾಕುವುದು ದುರಸ್ತಿ, ಅದಕ್ಕೆ ಯಾರ ಅನುಮತಿಯೂ ಬೇಡ. ಮೂಲ ವಿನ್ಯಾಸವನ್ನೇ ಬದಲಿಸುವಾಗ ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಅಡ್ಡ ಬರುತ್ತದೆ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಕೆಲಸಕ್ಕೆ ಕೈಹಾಕುವ ಮೊದಲು ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸುವಾಗ ಗಾಡಿಯನ್ನು ತಪಾಸಣೆಗೆ ಒಯ್ಯಬೇಕು. 2021ರ ವಿಂಟೇಜ್ ನಿಯಮ ಐವತ್ತು ವರ್ಷ ಮೀರಿದ, ಮೂಲ ರೂಪದಲ್ಲೇ ಇರುವ ಗಾಡಿಗಳಿಗೆ, ಆದ್ದರಿಂದ ಕಿಟ್ ಕಾರಿಗೆ ಅದರ ಆಸರೆ ಸಿಗುವುದು ಕಷ್ಟ.

ಎಷ್ಟು ಸಲ ಏರ್ ತೆಗೆದರೂ ಪೆಡಲ್ ಮೆತ್ತಗೇ ಇದೆ. ಏಕೆ?

ಮೊದಲು ಬ್ಲೀಡಿಂಗ್ ನಿಪ್ಪಲ್ (ಗಾಳಿ ಹೊರಬಿಡುವ ಚಿಕ್ಕ ತಿರುಪು) ಎಲ್ಲಿದೆ ನೋಡಿ. ಅದು ಕ್ಯಾಲಿಪರ್‌ನ ತುತ್ತತುದಿಯಲ್ಲಿ ಇರಬೇಕು. ಎಡಬಲ ಅದಲುಬದಲಾದರೆ ನಿಪ್ಪಲ್ ಕೆಳಗೆ ಬರುತ್ತದೆ, ಗಾಳಿ ಮೇಲೆ ಉಳಿಯುತ್ತದೆ, ನೂರು ಸಲ ತುಳಿದರೂ ಹೋಗುವುದಿಲ್ಲ. ಬೇರೆ ಕಾರಿನ ಕ್ಯಾಲಿಪರ್ ಕೂರಿಸಿದ ಗಾಡಿಗಳಲ್ಲಿ ಇದು ಬಲು ಸಾಮಾನ್ಯ. ಡ್ರಮ್ಮಿನ ಶೂ ಸಡಿಲವಾಗಿ ಹೊಂದಿಸಿದ್ದರೂ, ಹಳೆಯ ಹೋಸ್ ಒತ್ತಿದಾಗ ಉಬ್ಬುತ್ತಿದ್ದರೂ ಇದೇ ಲಕ್ಷಣ.

ಬೂಸ್ಟರ್ ಹಾಕಿಸಲೇ?

ಹಗುರ ಗಾಡಿಗೆ ಸಾಮಾನ್ಯವಾಗಿ ಬೇಕಿಲ್ಲ. ಹಾಕಿಸಿದರೂ, ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಹತ್ತರಲ್ಲಿ ಒಂದು ಪಾಲು ಕಡಿಮೆ, ಬೂಸ್ಟರ್‌ನ ನೆರವೂ ಅಷ್ಟು ಕಡಿಮೆ.

ಹ್ಯಾಂಡ್‌ಬ್ರೇಕ್ ಕೇಬಲ್?

ಹಳೆಯದರ ತುದಿಗಳನ್ನೂ ಉದ್ದವನ್ನೂ ತೋರಿಸಿದರೆ ಕಲಾಸಿಪಾಳ್ಯದ ಕಡೆ ಕೇಬಲ್ ಮಾಡಿಕೊಡುತ್ತಾರೆ. ಇದನ್ನು ಕೊನೆಗೆ ಮಾಡಿಸೋಣ ಎಂದು ಮುಂದೂಡಬೇಡಿ. ಆ ಇಳಿಜಾರಿನಲ್ಲಿ ನಮ್ಮನ್ನು ನಿಲ್ಲಿಸಿದ್ದು ಅದೇ.

ಎಲ್ಲ ಜೋಡಿಸಿದ ಮೇಲೆ ಪರೀಕ್ಷೆ ಹೇಗೆ, ಎಲ್ಲಿ?

ಗಾಡಿ ನಿಂತಿರುವಾಗಲೇ ಪೆಡಲ್ಲನ್ನು ಬಲವಾಗಿ ಒತ್ತಿ ಎರಡು ನಿಮಿಷ ಹಿಡಿಯಿರಿ. ಕೆಳಗಿಳಿಯಬಾರದು. ಇನ್ನೊಬ್ಬರು ಟಾರ್ಚ್ ಹಿಡಿದು ಪ್ರತಿ ನಟ್ಟನ್ನೂ ನೋಡಲಿ. ಆಮೇಲೆ ಊರಾಚೆ ಹೊಸದಾಗಿ ಡಾಂಬರು ಬಿದ್ದ, ಮನೆಗಳಿನ್ನೂ ಏಳದ ಬಡಾವಣೆಗೆ ಬೆಳಗಿನ ಜಾವ ಹೋಗಿ. ಗಂಟೆಗೆ 50 ಕಿ.ಮೀ.ನಿಂದ 15ಕ್ಕೆ ಇಳಿಸುತ್ತ, ನಡುವೆ ತಣಿಯಲು ಬಿಡುತ್ತ, ಇಪ್ಪತ್ತು ಮೂವತ್ತು ಸಲ ಮಾಡಿದರೆ ಪ್ಯಾಡ್ ಡಿಸ್ಕಿಗೆ ಒಗ್ಗುತ್ತದೆ. ನಂತರ ನಿಧಾನ ವೇಗದಲ್ಲಿ ಗಟ್ಟಿಯಾಗಿ ಒತ್ತಿ ನೋಡಿ. ಮೊದಲು ಮುಂದಿನ ಚಕ್ರ ಕಚ್ಚಿಕೊಳ್ಳಬೇಕು. ಹಿಂದಿನದು ಮೊದಲು ಕಚ್ಚಿದರೆ ಗಾಡಿ ಗಿರಕಿ ಹೊಡೆಯುತ್ತದೆ. ಮೂಲ ಕಾರಿಗಿಂತ ಹಗುರವಾದ ಕಿಟ್ ಕಾರಿನಲ್ಲಿ ಹೀಗಾಗುವ ಸಂಭವ ಹೆಚ್ಚು. ಆಗ ಹಿಂದಿನ ವೀಲ್ ಸಿಲಿಂಡರ್‌ಗೆ ಒಂದು ಅಳತೆ ಚಿಕ್ಕ ಬೋರ್ ಹುಡುಕಬೇಕು.

ನಂದಿ ಬೆಟ್ಟ 1,478 ಮೀಟರ್ ಎತ್ತರ, ಇಳಿಯುವಾಗ ತಿರುವಿನ ಮೇಲೆ ತಿರುವು. ಮೊದಲ ಪರೀಕ್ಷೆಗೆ ಅಲ್ಲಿಗೆ ಹೋಗಬೇಡಿ. ಐನೂರು ಕಿಲೋಮೀಟರ್ ಸಮತಟ್ಟಿನಲ್ಲಿ ಓಡಿಸಿ, ಎಲ್ಲ ನಟ್‌ಗಳನ್ನು ಮತ್ತೊಮ್ಮೆ ನೋಡಿದ ಮೇಲೆ ಹೋಗಿ.

ಮನೆಯಲ್ಲಿ ಯಾವ ಭಾಗ ಎತ್ತಿಟ್ಟುಕೊಳ್ಳಲಿ?

ಒಂದು ಜೊತೆ ಹಳೆಯ ಶೂ, ಒಂದು ಜೊತೆ ಪ್ಯಾಡ್, ಸ್ಲೀವ್ ಹಾಕಿಸಿದ ಒಂದು ಮಾಸ್ಟರ್ ಸಿಲಿಂಡರ್, ಎರಡು ಬ್ಲೀಡಿಂಗ್ ನಿಪ್ಪಲ್, ತಾಮ್ರದ ವಾಷರ್‌ಗಳು. ರಬ್ಬರ್ ಮತ್ತು ತೆರೆದ ಆಯಿಲ್ ಡಬ್ಬಿ ಇಡಬೇಡಿ, ಎರಡೂ ಕೆಡುತ್ತವೆ. ಮತ್ತು ಒಂದು ನೋಟ್‌ಬುಕ್: ಯಾವ ಚಕ್ರಕ್ಕೆ ಯಾವ ಕಾರಿನ ಯಾವ ಭಾಗ, ಬೋರ್ ಎಷ್ಟು, ಥ್ರೆಡ್ ಯಾವುದು, ಎಲ್ಲಿ ಸಿಕ್ಕಿತು, ಯಾವಾಗ ಬದಲಿಸಿದ್ದು. ಗಾಡಿ ಮಾರುವ ದಿನ ಕೀಲಿಯ ಜೊತೆ ಅದನ್ನೂ ಕೊಡಿ.